ಅಜ್ಜಿ ಹಲಗೆ

ಶುಕ್ರವಾರ ನಾಲ್ಕು ಗಂಟೆಯ ರೈಲಿಗೆ ಟ್ಯಾಂಗೊ ಕುಣಿತದ ಮೇಷ್ಟ್ರೂ ಅವರ ಹೆಂಡತಿಯೂ ಬರುವವರಿದ್ದರು. ಟೈಲರಮ್ಮ ಎರಡು ಗಂಟೆಗೇ ಮಹಡಿಯ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಅಳತೆ ಟೇಪಿನ ಜೊತೆ ಜೇಬಿಗೆ ಹಾಕಿಕೊಂಡಳು. ಅತಿಥಿಗಳು ಬರುತ್ತಾರೆಂದರೆ ಜನ ಬಾಗಿಲು ತೆರೆದಿಡುತ್ತಾರೆ. ಇವಳದ್ದು ಉಲ್ಟಾ ವ್ಯವಹಾರ.

"ಯಾಕಮ್ಮ ಬೀಗ?" ಎಂದು ಕೆಳಗಿನಿಂದ ಅತ್ತೆಯ ದನಿ ಬಂತು. ಅವರಿಗೆ ಮಂಡಿ ನೋವು, ಮೆಟ್ಟಿಲು ಹತ್ತಿ ಆರು ವರ್ಷವಾಗಿತ್ತು. ಆದರೆ ಮನೆಯಲ್ಲಿ ಎಲ್ಲಿ ಬೀಗ ಬಿತ್ತು, ಎಲ್ಲಿ ಚಿಲಕ ಸರಿಯಿತು ಅನ್ನುವುದೆಲ್ಲ ಅವರಿಗೆ ಕುಳಿತಲ್ಲೇ ತಿಳಿಯುತ್ತಿತ್ತು.

"ಬಟ್ಟೆ ಚೂರು, ದಾರ, ಕಸ. ನೋಡಿದ್ರೆ ಏನಂದ್ಕೋತಾರೆ ಅವರು?"

"ನಿನ್ನೆ ತಾನೇ ಗುಡಿಸಿ ಒರೆಸಿದ್ಯಲ್ಲ, ನಂಗೆ ಕೇಳಿಸ್ತು."

ಟೈಲರಮ್ಮ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡಿದಳು.

ಕೆಳಗೆ ಅಂಗಡಿ, ಅದರ ಹಿಂದೆ ಮನೆ, ಮೇಲೆ ಬಟ್ಟೆ ಕತ್ತರಿಸುವ ಕೋಣೆ. ಇಷ್ಟು ಅವಳ ಸಾಮ್ರಾಜ್ಯ. ಮೇಲಿನ ಕೋಣೆಗೆ ಹಳೆಯ ಕಾಲದ ಮರದ ನೆಲ. ವಾರಕ್ಕೆ ಮೂರು ಸಂಜೆ ಕತ್ತರಿಸುವ ಮೇಜನ್ನು ಗೋಡೆಗೆ ತಳ್ಳಿದರೆ ಅದೇ ಟ್ಯಾಂಗೊ ಶಾಲೆ. ಹದಿನಾಲ್ಕು ಜನ ಕಲಿಯುತ್ತಿದ್ದರು. ಅವರಲ್ಲಿ ಪೋಸ್ಟ್‌ಮ್ಯಾನ್ ಇದ್ದ, ಹಲ್ಲಿನ ಡಾಕ್ಟರ್ ಇದ್ದರು, ಆಸ್ಪತ್ರೆಯ ಪಾಳಿ ಮುಗಿಸಿ ಅದೇ ಬಿಳಿ ಬಟ್ಟೆಯಲ್ಲಿ ಓಡಿಬರುವ ನರ್ಸ್ ಇದ್ದಳು. ನಾಲ್ಕು ವರ್ಷದಿಂದ ಅವರಿಗೆ ಕಲಿಸುತ್ತಿದ್ದವಳು ಟೈಲರಮ್ಮನೇ. ಆದರೂ ಯಾರಾದರೂ ಬಾಯ್ತಪ್ಪಿ "ಟೀಚರ್" ಅಂದರೆ ಅವಳಿಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. "ಟೀಚರ್ ಗೀಚರ್ ಅನ್ಬೇಡಿ. ಟೈಲರಮ್ಮ ಅಂದ್ರೆ ಸಾಕು," ಎಂದು ಅಲ್ಲೇ ಬಾಯಿ ಮುಚ್ಚಿಸುತ್ತಿದ್ದಳು. ಎಂಥ ವಿನಯ ಎಂದು ಅವರೆಲ್ಲ ಮೆಚ್ಚಿಕೊಂಡಿದ್ದರು. ವಿನಯವೂ ಅಲ್ಲ, ಮಣ್ಣೂ ಅಲ್ಲ. ಭಯ.

ಯಾಕೆಂದರೆ ಅವಳಿಗೆ ಕಲಿಸಿದವರು ಯಾರೂ ಇರಲಿಲ್ಲ. ಹೊಲಿಗೆ ಯಂತ್ರಕ್ಕೆ ಟ್ಯಾಬ್ಲೆಟ್ ಒರಗಿಸಿ, ವೀಡಿಯೊ ನೋಡಿ, ಒಬ್ಬಳೇ ಕಲಿತದ್ದು. ಟ್ಯಾಂಗೊ ಒಬ್ಬರು ಆಡುವ ಆಟವಲ್ಲ. ಒಬ್ಬರು ನಡೆಸಬೇಕು, ಇನ್ನೊಬ್ಬರು ಎದೆಗೆ ಎದೆ ಕೊಟ್ಟು, ಹೆಚ್ಚಾಗಿ ಹಿಂದು ಹಿಂದಕ್ಕೆ, ಕಣ್ಣು ಮುಚ್ಚಿ ನಡೆಯಬೇಕು. ಗಂಡನನ್ನು ಕೇಳಿದರೆ ಅವನು ಎರಡು ದಿನ ಬಂದು, ಮೂರನೆಯ ದಿನ ಸೊಂಟ ಹಿಡಿದುಕೊಂಡು ಕೂತ. ಕೊನೆಗೆ ಜೋಡಿಯಾಗಿ ಸಿಕ್ಕಿದ್ದು ಬಟ್ಟೆ ತೊಡಿಸುವ ಗೊಂಬೆ. ತಲೆಯಿಲ್ಲ, ಕೈಯಿಲ್ಲ, ಕಾಲಿನ ಜಾಗದಲ್ಲಿ ಒಂದು ಕಂಬ, ಕಂಬದ ಕೆಳಗೆ ಮೂರು ಚಕ್ರ. ಅದನ್ನು ತಬ್ಬಿಕೊಂಡು ಒಂದು ವರ್ಷ ನಡೆದಿದ್ದಳು. ಅದರಲ್ಲಿ ಮೊದಲ ಆರು ತಿಂಗಳು ಪರದೆಯ ಮೇಲೆ ಕಂಡದ್ದನ್ನು ಕಂಡ ಹಾಗೇ ಅನುಕರಿಸಿ, ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ ಕಲಿತಿದ್ದಳು. ಒಂದು ದಿನ ಗೋಡೆಯ ಕನ್ನಡಿಯಲ್ಲಿ ಟ್ಯಾಬ್ಲೆಟ್ಟಿನ ಜೋಡಿ ಕಂಡಾಗ ತನ್ನದೆಲ್ಲ ತಿರುವುಮುರುವು ಎಂದು ಗೊತ್ತಾಗಿತ್ತು. ಎಲ್ಲ ಬಿಚ್ಚಿ ಮೊದಲಿಂದ ಹೊಲಿದ ಹಾಗೆ ಮತ್ತೆ ಕಲಿತಳು. ಈ ಕಥೆ ಗಂಡನಿಗೊಬ್ಬನಿಗೇ ಗೊತ್ತು. ಅಷ್ಟು ದೊಡ್ಡ ತಪ್ಪು ಆರು ತಿಂಗಳು ಕಣ್ಣಿಗೆ ಬೀಳಲಿಲ್ಲವೆಂದ ಮೇಲೆ, ಇನ್ನೂ ಕಣ್ಣಿಗೆ ಬೀಳದ್ದು ಎಷ್ಟಿದೆಯೋ ಎನ್ನುವುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಹಾಗಾಗಿ, ಎರಡು ದಿನ ಬಂದು ಪಾಠ ಹೇಳಿಕೊಡಿ ಎಂದು ಈ ದೊಡ್ಡ ಮೇಷ್ಟ್ರಿಗೆ ಪತ್ರ ಬರೆದವಳೂ ಅವಳೇ, ಅವರು ಒಪ್ಪಿಕೊಂಡಾಗ ಎರಡು ದಿನ ಊಟ ಸೇರದವಳೂ ಅವಳೇ. ಅಕ್ಕಪಕ್ಕದ ಊರುಗಳಿಂದ ಸೇರಿ ನಲವತ್ತು ಜನ ಹೆಸರು ಕೊಟ್ಟರು. ಮಹಡಿ ಕೋಣೆ ಸಾಲದು, ಶಾಲೆಯ ಆಟದ ಹಾಲ್ ಗೊತ್ತುಮಾಡಿದರು. ಗುರುವಾರ ಅವಳು ಗಂಡನಿಗೆ ಹೇಳಿಬಿಟ್ಟಿದ್ದಳು:

"ನೋಡ್ರೀ, ನಾನು ಕಲಿಸಿದ್ದು ತಪ್ಪು ಅಂತ ಅವರ ಮುಖದಲ್ಲಿ ಕಂಡ್ರೆ, ಭಾನುವಾರ ಸಂಜೆ ಎಲ್ಲರ ಮುಂದೆ ಹೇಳಿ ನಿಲ್ಲಿಸಿಬಿಡ್ತೀನಿ. ಬಟ್ಟೆ ತಪ್ಪು ಕತ್ತರಿಸಿದ್ರೆ ಬೇರೆ ಬಟ್ಟೆ ತಂದುಕೊಡಬಹುದು. ಹದಿನಾಲ್ಕು ಜನರ ಕಾಲು ಎಲ್ಲಿಂದ ತರೋದು?"

ಗಂಡ ಲಿಫ್ಟ್ ರಿಪೇರಿ ಮಾಡುವವನು. ಮೇಲಿದ್ದದ್ದು ಕೆಳಗಿಳಿಯುತ್ತದೆ, ಕೆಳಗಿದ್ದದ್ದು ಮೇಲೇರುತ್ತದೆ, ಗಾಬರಿಯಾಗುವಂಥದ್ದೇನಿಲ್ಲ ಎಂಬುದು ಅವನ ಜೀವನದ ಸಿದ್ಧಾಂತ. "ಆಗ್ಲಿ ಬಿಡು, ಮೊದ್ಲು ಬರ್ಲಿ," ಅಂದಿದ್ದ.

ಬಂದರು. ಮೇಷ್ಟ್ರಿಗೆ ಎಪ್ಪತ್ತರ ಮೇಲೆ, ಮೇಡಂಗೆ ಅದಕ್ಕಿಂತ ನಾಲ್ಕೈದು ಕಡಿಮೆ. ಇಬ್ಬರೂ ಕುಳ್ಳು, ಇಬ್ಬರೂ ತೆಳ್ಳಗೆ. ಸ್ಟೇಷನ್ನಿನಿಂದ ಮನೆಯವರೆಗೂ ಪೆಟ್ಟಿಗೆಯ ಜಿಪ್ ಸರಿಯಾಗಿ ಹಾಕದವರು ಯಾರು ಎಂಬ ವಿಷಯದಲ್ಲಿ ಜಗಳವಾಡುತ್ತಲೇ ಬಂದರು.

"ನಲವತ್ತು ವರ್ಷದಿಂದ ಈ ಮನುಷ್ಯನಿಗೆ ಪೆಟ್ಟಿಗೆ ಮುಚ್ಚೋದು ಹೇಳ್ಕೊಡ್ತಿದೀನಿ," ಎಂದರು ಮೇಡಂ, ಒಳಗೆ ಕಾಲಿಡುತ್ತಲೇ, ಅತ್ತೆಯ ಹತ್ತಿರ. "ಊರೂರಿಗೆ ಪಾಠ ಹೇಳ್ತಾರೆ, ಇವರ ತಲೆಗೆ ಮಾತ್ರ ಒಂದು ಪಾಠ ಹತ್ತಲ್ಲ."

ಅತ್ತೆಗೆ ಇನ್ನೇನು ಬೇಕು? "ನನ್ನ ಮಗನೂ ಹಾಗೇ," ಎಂದು ಪಕ್ಕದಲ್ಲೇ ಕೂರಿಸಿಕೊಂಡರು. ಹತ್ತು ನಿಮಿಷದೊಳಗೆ ಇಬ್ಬರೂ ಮಂಡಿಯ ವಿಷಯಕ್ಕೆ ಬಂದಿದ್ದರು.

ಮೇಷ್ಟ್ರು ಮಾತ್ರ ಕೂರಲಿಲ್ಲ. ಶೂ ಬಿಚ್ಚಿ, ಕಾಲುಚೀಲವನ್ನೂ ಬಿಚ್ಚಿ, ಬರಿಗಾಲಲ್ಲಿ ಅಡುಗೆಮನೆಯಿಂದ ಅಂಗಡಿಯವರೆಗೆ ಒಮ್ಮೆ ನಡೆದುಬಂದರು. "ನೆಲದ ಪರಿಚಯ ಮಾಡ್ಕೋಬೇಕಲ್ಲ," ಅಂದರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ಟೈಲರಮ್ಮ ಓಡಿಬಂದಳು. "ಮೇಲೆ ಏನಿಲ್ಲ ಮೇಷ್ಟ್ರೇ, ಬಟ್ಟೆ ಚೂರು ತುಂಬಿಟ್ಟಿದೀನಿ," ಎಂದು ಚಹಾದ ಕಪ್ಪನ್ನು ಅವರ ಕೈಗೆ ತುರುಕಿದಳು. ಅತ್ತೆ ಅಲ್ಲಿಂದಲೇ ಸೊಸೆಯತ್ತ ಒಂದು ನೋಟ ಬಿಟ್ಟರು.

ಶನಿವಾರ ಬೆಳಗ್ಗೆ ಆಟದ ಹಾಲಿನಲ್ಲಿ ನಲವತ್ತು ಜನ ಸೇರಿದರು. ಬಲೆ ಕಟ್ಟುವ ಕಂಬಗಳನ್ನು ಮೂಲೆಗೆ ಸರಿಸಿದ್ದರು. ಗೋಡೆಯ ಮೇಲೆಲ್ಲ ಚೆಂಡಿನ ಗುರುತು, ನೆಲದ ಮೇಲೆ ಬಣ್ಣಬಣ್ಣದ ಗೆರೆ, ಎಡಕ್ಕೆ ಉದ್ದುದ್ದ ಕಿಟಕಿಗಳು. ನೆಲವಂತೂ ಕನ್ನಡಿಯ ಹಾಗೆ ಸಪಾಟು. ಗಂಡ ಹಾಡಿನ ಯಂತ್ರದ ಹಿಂದೆ ಕುರ್ಚಿ ಹಾಕಿಕೊಂಡು ಜವಾಬ್ದಾರಿಯ ಮುಖ ಮಾಡಿಕೊಂಡಿದ್ದ. ದೊಡ್ಡ ದೊಡ್ಡ ಹೆಜ್ಜೆಗಳನ್ನು ಕಲಿಸುತ್ತಾರೆಂದು ಜನ ಕಾಯುತ್ತಿದ್ದರೆ ಮೇಷ್ಟ್ರು, "ಇವತ್ತು ನಡೆಯೋಣ," ಎಂದರು ಅಷ್ಟೇ.

ಒಂದು ಗಂಟೆ ಬರೀ ನಡಿಗೆ. ಪಕ್ಕದೂರಿನ ವಕೀಲರೊಬ್ಬರು ಮೂಗು ಮುರಿದರು. ಎರಡು ವರ್ಷದಿಂದ ದೊಡ್ಡ ಶಾಲೆಯಲ್ಲಿ ಕಲಿಯುತ್ತಿದ್ದವರು, ನಡೆಯುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಅವರ ಮುಖ ಕೇಳುತ್ತಿತ್ತು. ಆದರೆ ಟೈಲರಮ್ಮ ಮೇಷ್ಟ್ರ ಬೆನ್ನಿನಿಂದ ಕಣ್ಣು ಕೀಳಲಿಲ್ಲ. ಅವರು ಹಳೆಯ ಬೂದು ಕೋಟು ತೊಟ್ಟಿದ್ದರು. ಮನುಷ್ಯ ನಡೆದರೆ ಕೋಟಿನ ಬೆನ್ನಿನಲ್ಲಿ ಸುಕ್ಕು ಬೀಳಲೇಬೇಕು. ಒಂದು ಹೆಜ್ಜೆಗೆ ಎಡಭುಜದಿಂದ, ಇನ್ನೊಂದು ಹೆಜ್ಜೆಗೆ ಬಲಭುಜದಿಂದ. ಮೂವತ್ತು ವರ್ಷ ಕೋಟು ಹೊಲಿದವಳು, ಎಷ್ಟು ಬೆನ್ನು ನೋಡಿಲ್ಲ? ಮೇಷ್ಟ್ರು ಹಾಲಿನ ಉದ್ದಕ್ಕೂ ನಡೆದುಹೋದರು, ಕೋಟಿನಲ್ಲಿ ಒಂದೇ ಒಂದು ಸುಕ್ಕು ಬೀಳಲಿಲ್ಲ. ಹೊಲಿಗೆಯೇ ಕಾಣದಂತೆ ಹೊಲಿದ ಬಟ್ಟೆಯನ್ನು ನೋಡಿದಾಗ ಆಗುವ ಸಂತೋಷ ಅವಳಿಗಾಯಿತು. ಹೊಟ್ಟೆಕಿಚ್ಚಿಗೂ ಎಡೆಯಿಲ್ಲದ ಸಂತೋಷ ಅದು.

ಮೇಡಂ ಇನ್ನೊಂದು ತರಹ. ಅವರು ಮಾತೇ ಆಡುತ್ತಿರಲಿಲ್ಲ. ನರ್ಸಿನ ಭುಜ ಕಿವಿಯವರೆಗೆ ಏರಿತ್ತು. ಮೇಡಂ ಹಿಂದಿನಿಂದ ಬಂದು ಬೆನ್ನಿನ ಮೂಳೆಯ ಮೇಲೆ ಎರಡು ಬೆರಳು ಇಟ್ಟರು. ಒತ್ತಲಿಲ್ಲ, ತಳ್ಳಲಿಲ್ಲ. ಇಟ್ಟುಕೊಂಡು ಕಾದರು. ಅರ್ಧ ನಿಮಿಷದಲ್ಲಿ ಭುಜ ತಾನಾಗಿ ಇಳಿಯಿತು, ನರ್ಸಿನ ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆಯ ಜಿಪ್ಪಿಗೆ ಜಗಳವಾಡಿದ ಹೆಂಗಸು ಇವರೇ ಏನು ಎಂದು ಟೈಲರಮ್ಮ ಬೆರಗಾದಳು.

ನಡಿಗೆ ಮುಗಿದು ಹಾಡು ಶುರುವಾಯಿತು. ಇಪ್ಪತ್ತು ಜೋಡಿ ಸಾಲಾಗಿ, ಗಡಿಯಾರಕ್ಕೆ ಎದುರುಮುಖವಾಗಿ ಹಾಲನ್ನು ಸುತ್ತತೊಡಗಿದವು. ಮುಂದೆ ಪೋಸ್ಟ್‌ಮ್ಯಾನ್ ಮತ್ತು ನರ್ಸ್, ಅವರ ಹಿಂದೆ ಹಲ್ಲಿನ ಡಾಕ್ಟರ್, ಅವರ ಬೆನ್ನಿಗೆ ವಕೀಲರು. ಎರಡನೆಯ ಮೂಲೆ ತಿರುಗಿ ಕಿಟಕಿ ಬಂತು. ಪೋಸ್ಟ್‌ಮ್ಯಾನ್ ಒಂದು ಕ್ಷಣ ನಿಂತ. ಉಸಿರೆಳೆದುಕೊಂಡ, ನರ್ಸನ್ನು ಎದೆಯಿಂದಲೇ ಒಂದು ಬೆರಳಿನಷ್ಟು ಮೇಲೆತ್ತಿದ, ಎಡಗಾಲನ್ನು ಉದ್ದಕ್ಕೆ ಇಟ್ಟು ದಾಟಿದ. ಹಲ್ಲಿನ ಡಾಕ್ಟರೂ ಅದೇ ಜಾಗದಲ್ಲಿ ನಿಂತರು. ಹಿಂದಿದ್ದ ವಕೀಲರು ನಿಲ್ಲಲಿಲ್ಲ. ಅವರ ಜೋಡಿಯ ಬೆನ್ನು ಢಬ್ ಎಂದು ಡಾಕ್ಟರ ಬೆನ್ನಿಗೆ ಬಡಿದು, ಜೋಡಿಯ ತಲೆ ವಕೀಲರ ಮೂಗಿಗೆ ಗುದ್ದಿತು.

ಎಲ್ಲರೂ ನಕ್ಕರು. ಮತ್ತೆ ಸುತ್ತಿದರು. ಎರಡನೆಯ ಸುತ್ತಿನಲ್ಲೂ ಅದೇ ಕಿಟಕಿ, ಅದೇ ನಿಲುಗಡೆ, ಅದೇ ಉದ್ದ ಹೆಜ್ಜೆ. ಒಬ್ಬರಾದ ಮೇಲೆ ಒಬ್ಬರು, ಅವಳ ಏಳೂ ಜೋಡಿ.

"ಏನ್ರೀ ಇದು? ನಿಮ್ಮೂರವರಿಗೆಲ್ಲ ಒಂದೇ ಕಾಲು ನೋವಾ?" ವಕೀಲರು ಮೂಗು ಉಜ್ಜಿಕೊಂಡು ಕೇಳಿದರು. "ಯಾರು ಕಲಿಸಿದ್ದು ಇದನ್ನ?"

ಟೈಲರಮ್ಮನಿಗೆ ಆ ಕ್ಷಣ ಅರ್ಥವಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಸಪಾಟು ನೆಲ, ಅದೂ ನುಂಗಲಿಲ್ಲ.

ವಿಷಯ ಏನೆಂದರೆ, ಮಹಡಿ ಕೋಣೆಯ ನೆಲದಲ್ಲಿ ಕಿಟಕಿಯ ಪಕ್ಕ ಒಂದು ಹಲಗೆ ಎದ್ದುಕೊಂಡಿತ್ತು. ಒಂದು ಬೆರಳಿನಷ್ಟು, ಗೂನು ಬೆನ್ನಿನ ಹಾಗೆ. ಕಲಿಯುವವರು ಅದಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದರು. "ಅಜ್ಜಿ ಬಂತು, ಎತ್ತಿ ದಾಟಿಸಿ," ಎಂದು ಮೊದಲ ವರ್ಷ ಟೈಲರಮ್ಮನೇ ಕೂಗುತ್ತಿದ್ದಳು. ನಾನು ಬದುಕಿರುವಾಗಲೇ ಮನೆಯಲ್ಲಿ ಇನ್ನೊಬ್ಬ ಅಜ್ಜಿ ಯಾಕೆ ಎಂದು ಅತ್ತೆ ತಕರಾರು ತೆಗೆದಿದ್ದರು. ಬರಬರುತ್ತ ಕೂಗುವ ಅಗತ್ಯ ಉಳಿಯಲಿಲ್ಲ. ಹಲಗೆ ಎಲ್ಲರ ಕಾಲಿಗೆ ಬಾಯಿಪಾಠವಾಯಿತು, ಆಮೇಲೆ ಮರೆತೂಹೋಯಿತು. ಈಗ ಹಲಗೆಯೇ ಇಲ್ಲದ ಹಾಲಿನಲ್ಲಿ ಎಲ್ಲರೂ ಅದನ್ನು ಭಕ್ತಿಯಿಂದ ದಾಟುತ್ತಿದ್ದರು. ಕನ್ನಡಿಯಲ್ಲಿ ಕಂಡ ತಪ್ಪು ಅವಳೊಬ್ಬಳದಾಗಿತ್ತು. ಇದು ಹದಿನಾಲ್ಕು ಜನರ ಕಾಲಿಗೆ ಅವಳು ಹೊಲಿದ ತಪ್ಪು.

ಮೇಷ್ಟ್ರು ಹಾಡು ನಿಲ್ಲಿಸಲು ಕೈ ಮಾಡಿದರು. ಪೋಸ್ಟ್‌ಮ್ಯಾನನ್ನು ಕರೆದು, "ಇನ್ನೊಂದ್ಸಲ ಮಾಡಿ," ಎಂದರು. ಅವನು ಮಾಡಲು ಹೋದರೆ ಬರಲಿಲ್ಲ. ತಾನು ಏನು ಮಾಡಿದೆನೆಂದೇ ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಹೆಂಡತಿಯ ಮುಖ ನೋಡಿದರು, ಅವರು ಇವರ ಮುಖ ನೋಡಿದರು. "ಹ್ಞೂಂ," ಎಂದರು ಮೇಷ್ಟ್ರು. "ಸರಿ, ಮುಂದಕ್ಕೆ ಹೋಗೋಣ."

ಆ ಒಂದು 'ಹ್ಞೂಂ' ಟೈಲರಮ್ಮನ ತಲೆಯಲ್ಲಿ ದಿನವಿಡೀ ಸುತ್ತಿತು. ಸಂಜೆ ಚಹಾದ ಕಪ್ಪು ತೊಳೆಯುತ್ತ ಗಂಡನಿಗೆ ಹೇಳಿದಳು: "ಮುಗೀತು ರೀ. ನೋಡಿದ್ರಲ್ಲ ಅವರ ಮುಖ? ನಾಳೆ ಹೇಳಿಬಿಡ್ತೀನಿ."

"ಮುಖ ನೋಡ್ದೆ. ಬೈದ ಹಾಗೇನೂ ಕಾಣ್ಲಿಲ್ಲ."

"ದೊಡ್ಡೋರು. ನಾಲ್ಕು ಜನರ ಮುಂದೆ ಬೈತಾರಾ?"

"ಹಾಗಾದ್ರೆ ಆ ಹಲಗೆಗೆ ಎರಡು ಮೊಳೆ ಹೊಡೀತೀನಿ. ಹತ್ತು ನಿಮಿಷದ ಕೆಲಸ. ನಾಲ್ಕು ವರ್ಷದಿಂದ ಹೇಳ್ತಿದೀನಿ."

"ಈಗ ಹೊಡೆದು ಏನು ಬಂತು? ಹಲಗೆ ಅಲ್ಲೆಲ್ಲಿದೆ, ಅವರ ಕಾಲಲ್ಲಿದೆ," ಎಂದವಳು ಕಪ್ಪನ್ನು ಎಷ್ಟು ತಿಕ್ಕಿದಳೆಂದರೆ ಅದರ ಹೂವಿನ ಚಿತ್ರ ಉಳಿದದ್ದೇ ಹೆಚ್ಚು.

ಭಾನುವಾರ ಬೆಳಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದರು. ಮೇಷ್ಟ್ರು ಬೆಂದ ಮೊಟ್ಟೆಯ ಸಿಪ್ಪೆ ಬಿಡಿಸುತ್ತ, ಅತ್ತೆಗೆ ನಿದ್ದೆ ಚೆನ್ನಾಗಿ ಬಂತೇ ಎಂದು ವಿಚಾರಿಸಿದರು. ಕೇಳಬಾರದಾಗಿತ್ತು.

"ಎರಡು ದಿನದಿಂದ ಮನೇಲಿ ಸದ್ದೇ ಇಲ್ಲ, ನಿದ್ದೆ ಹ್ಯಾಗೆ ಬರುತ್ತೆ?" ಎಂದರು ಅತ್ತೆ. "ಇವರು ಕುಣಿಯೋದು ನನ್ನ ನೆತ್ತಿ ಮೇಲೆ, ಮೇಲಿನ ರೂಮಲ್ಲಿ. ನಾನು ಕೆಳಗೆ ಮಲಗಿ ಕೇಳಿಸ್ಕೋತೀನಿ. ಸರ್ ಸರ್ ಅಂತ ಬರ್ತಾರೆ, ಕಿಟಕಿ ಹತ್ರ ಬಂದ ಕೂಡ್ಲೇ ಸದ್ದು ನಿಂತುಹೋಗುತ್ತೆ, ಆಮೇಲೆ ಒಂದೇ ಹೆಜ್ಜೆ. ಏಳು ಜೋಡಿ, ಏಳು ಸಲ. ಎಣಿಸ್ತಾ ಎಣಿಸ್ತಾ ನಿದ್ದೆ ಬರುತ್ತೆ."

ಮೇಷ್ಟ್ರು ಮೊಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ಮೇಲೆ ಬಟ್ಟೆ ಚೂರು ಅಂದ್ರಿ?"

ಇನ್ನು ಮುಚ್ಚಿಡುವುದೇನು? ಅವಳು ಜೇಬಿನಿಂದ ಬೀಗದ ಕೈ ತೆಗೆದು ಮುಂದೆ ನಡೆದಳು. ಹಿಂದೆ ಮೇಷ್ಟ್ರು, ಅವರ ಹಿಂದೆ ಮೇಡಂ, ಕೊನೆಗೆ ಗಂಡ. ಅವನ ಕೈಯಲ್ಲಿ ಆಗಲೇ ಸುತ್ತಿಗೆ ಇತ್ತು.

ಕೋಣೆಯೊಳಗೆ ಬೆಳಗಿನ ಬಿಸಿಲು ಬಿದ್ದಿತ್ತು. ಗೋಡೆಗೆ ತಳ್ಳಿದ ಮೇಜು, ಮೇಜಿನ ಮೇಲೆ ಕತ್ತರಿ, ಸೀಮೆಸುಣ್ಣ, ಮೂಲೆಯಲ್ಲಿ ಗೊಂಬೆ. ಮೇಷ್ಟ್ರು ಬರಿಗಾಲಲ್ಲಿ ಗೋಡೆಯ ಅಂಚಿನಿಂದ ಸುತ್ತತೊಡಗಿದರು. ಕೆಳಗೆ ನೋಡಲೇ ಇಲ್ಲ. ಕಿಟಕಿಯ ಬಳಿ ಬಂದಾಗ ಅವರ ಹೆಬ್ಬೆರಳು ಹಲಗೆಗೆ ತಾಗಿತು. ನಿಂತು, ಪಾದವನ್ನು ಅದರ ಮೇಲಿಟ್ಟು, ನಿಧಾನವಾಗಿ ಸವರಿದರು.

"ಓ," ಎಂದರು. "ಇಲ್ಲಿದ್ದೀಯಾ ನೀನು?"

"ಹತ್ತು ನಿಮಿಷದ ಕೆಲಸ ಮೇಷ್ಟ್ರೇ, ಈಗ್ಲೇ ಕೂರಿಸಿಬಿಡ್ತೀನಿ," ಎಂದ ಗಂಡ.

ಗಟ್ಟಿಯಾಗಿರುವ ಹಲ್ಲನ್ನು ಕೀಳುತ್ತೇನೆ ಎಂದವನನ್ನು ನೋಡುವ ಹಾಗೆ ಮೇಷ್ಟ್ರು ಅವನನ್ನು ನೋಡಿದರು. ಗಂಡ ಸುತ್ತಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಟೈಲರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಟ್ಯಾಬ್ಲೆಟ್, ಆರು ತಿಂಗಳ ಎಡಬಲ, ಗೊಂಬೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. "ನಂಗೆ ಯಾರೂ ಹೇಳ್ಕೊಡ್ಲಿಲ್ಲ ಮೇಷ್ಟ್ರೇ. ನಂಗೆ ಬಂದದ್ದನ್ನ ಇವರಿಗೆ ಕೊಟ್ಟೆ. ತಪ್ಪನ್ನೂ ಸೇರಿಸಿ ಕೊಟ್ಟೆ."

ಅವರು ಸಮಾಧಾನ ಹೇಳುತ್ತಾರೆಂದು ಅವಳು ಅಂದುಕೊಂಡಿದ್ದರೆ, ಹೇಳಲಿಲ್ಲ. "ಗೊಂಬೆ ಜೊತೆ ತೋರಿಸಿ," ಎಂದರು.

ಅವಳು ನಾಚುತ್ತಲೇ ಹೋಗಿ ಗೊಂಬೆಯನ್ನು ತಬ್ಬಿ ಹಿಡಿದಳು. ಹಾಡಿಲ್ಲ, ಚಕ್ರದ ಕಿರಕಿರ ಸದ್ದೇ ಹಾಡು. ಮೊದಲ ಮೂಲೆ, ಎರಡನೆಯ ಮೂಲೆ, ಕಿಟಕಿ. ಅಲ್ಲಿ ಚಕ್ರ ಹಲಗೆಗೆ ಸಿಕ್ಕಿಕೊಳ್ಳುತ್ತದೆ ಎಂದು ಅವಳ ಮೈಗೆ ಗೊತ್ತಿತ್ತು. ಒಂದು ಕ್ಷಣ ನಿಂತು, ಉಸಿರೆಳೆದು, ಗೊಂಬೆಯನ್ನು ಎದೆಗೆ ಒತ್ತಿ ಬೆರಳಿನಷ್ಟು ಎತ್ತಿ, ಉದ್ದ ಹೆಜ್ಜೆಯಿಟ್ಟು ಆಚೆಗೆ ಇಳಿಸಿದಳು. ಇಳಿಸಿದ ಮೇಲೆ ಅವಳಿಗೇ ಹೊಳೆಯಿತು. ಪೋಸ್ಟ್‌ಮ್ಯಾನ್ ನರ್ಸನ್ನು ಎತ್ತಿ ದಾಟಿಸಿದ್ದೂ ಹೀಗೇ. ಹದಿನಾಲ್ಕು ಜನ ನಾಲ್ಕು ವರ್ಷದಿಂದ ಈ ತಲೆಯಿಲ್ಲದ ಗೊಂಬೆಯನ್ನು ದಾಟಿಸುತ್ತಿದ್ದರು.

"ಬಲಗೈ ಬಿಗಿ," ಎಂದರು ಮೇಷ್ಟ್ರು. "ನಿಮ್ಮದೂ ಬಿಗಿ, ನಿಮ್ಮವರೆಲ್ಲರದೂ ಬಿಗಿ. ಯಾಕೆ ಅಂತ ನಿನ್ನೆಯಿಂದ ಯೋಚನೆ ಮಾಡ್ತಿದ್ದೆ. ಗೊಂಬೆ ಬಿಟ್ರೆ ಬೀಳುತ್ತೆ. ಮನುಷ್ಯರು ಬೀಳಲ್ಲ. ಸಡಿಲ ಬಿಡಿ."

ಅಷ್ಟು ನಿಖರ. ನಲವತ್ತು ಜನರ ನಡುವೆ ಒಂದು ಕೈಯ ಬಿಗಿ ಕಂಡು, ಒಂದು ದಿನ ಅದರ ಬುಡ ಹುಡುಕಿ, ಗೊಂಬೆಯನ್ನು ಕಂಡ ಕೂಡಲೇ ಪತ್ತೆ ಹಚ್ಚಿದ್ದರು. ಬೈಸಿಕೊಂಡೆನೆಂಬ ನೋವಿನ ಒಳಗೂ ಟೈಲರಮ್ಮನಿಗೆ ಆ ಮುದುಕನಿಗೆ ಕೈಮುಗಿಯಬೇಕೆನಿಸಿತು. ಕಣ್ಣೆಂದರೆ ಇಂಥ ಕಣ್ಣು ಇರಬೇಕು.

ಮೇಡಂ ಮುಂದೆ ಬಂದರು. ಗೊಂಬೆಯನ್ನು ಪಕ್ಕಕ್ಕೆ ಸರಿಸಿ ತಾವೇ ಆ ಜಾಗದಲ್ಲಿ ನಿಂತರು. "ನನ್ನ ಕರ್ಕೊಂಡು ಹೋಗಿ," ಎಂದು ಕಣ್ಣು ಮುಚ್ಚಿದರು.

ಟೈಲರಮ್ಮ ಅವರನ್ನು ತೋಳಿನೊಳಗೆ ತೆಗೆದುಕೊಂಡಳು. ಬಲಗೈ ಸಡಿಲ, ಬಲಗೈ ಸಡಿಲ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಮೇಡಂ ಎಷ್ಟು ಹಗುರವೆಂದರೆ ತೋಳಿನೊಳಗೆ ಯಾರಾದರೂ ಇದ್ದಾರೋ ಇಲ್ಲವೋ ಎನ್ನಿಸಿತು, ಆದರೆ ಅವಳು ಮನಸ್ಸಿನಲ್ಲಿ ಅಂದುಕೊಂಡ ಹೆಜ್ಜೆ ಅವಳಿಗಿಂತ ಮೊದಲೇ ಅವರಿಗೆ ತಿಳಿಯುತ್ತಿತ್ತು. ಕಿಟಕಿ ಬಂತು. ನಿಂತಳು, ಉಸಿರೆಳೆದಳು, ಎತ್ತಿದಳು. ಮೇಡಂ ಹಿಮ್ಮುಖವಾಗಿ, ಕಾಣದ ಹಲಗೆಯನ್ನು ಒಂದು ಕೂದಲೆಳೆಯಷ್ಟೂ ತಾಗದೆ ದಾಟಿದರು.

ಅವರು ಕಣ್ಣು ತೆರೆಯಲಿಲ್ಲ. "ಇನ್ನೊಂದ್ಸಲ," ಎಂದರು.

ಇನ್ನೊಂದು ಸುತ್ತು. ಆಮೇಲೆ ಮತ್ತೊಂದು. ಮೂರನೆಯದು ಮುಗಿದಾಗ ಮೇಡಂ ಬಿಟ್ಟು ನಿಂತು, ಗೋಡೆಯ ಗಡಿಯಾರ ನೋಡಿದರು. "ಅಯ್ಯೋ, ಹೊತ್ತಾಯ್ತು. ನಲವತ್ತು ಜನ ಕಾಯ್ತಿರ್ತಾರೆ. ಏನ್ರೀ, ಮೊಟ್ಟೆ ತಿನ್ನೋದಿದ್ರೆ ತಿಂದು ಹೊರಡಿ," ಎಂದು ಇಳಿದೇಹೋದರು. ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದ್ದೆಂದೂ ಹೇಳಲಿಲ್ಲ. ಟೈಲರಮ್ಮ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದಳು. ಸಂಜೆ ಎಲ್ಲರ ಮುಂದೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದಳು. ಇನ್ನು ಬೇರೆ ಟೀಚರನ್ನು ಹುಡುಕಿಕೊಳ್ಳಿ, ಪಕ್ಕದೂರಿನ ಶಾಲೆ ಒಳ್ಳೆಯದು, ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟೇ ಸಾಕು, ಅಳಬಾರದು.

ಭಾನುವಾರದ ಪಾಠಗಳು ಮುಗಿದಾಗ ನಾಲ್ಕೂವರೆ. ಕೊನೆಗೆ ಮೇಷ್ಟ್ರು, ಮೇಡಂ ಒಂದು ಹಾಡಿಗೆ ತಾವೇ ಆಡಿ ತೋರಿಸುವುದು ವಾಡಿಕೆ. ಜನ ಗೋಡೆಯ ಸುತ್ತ ನೆಲದ ಮೇಲೆ ಕೂತರು. ಗಂಡ ಹಾಡು ಹಾಕಿದ.

ಆ ಇಬ್ಬರು ಕುಳ್ಳು ಮುದುಕರು ಹಾಲಿನ ನಡುವೆ ಹೋಗಿ ನಿಂತಾಗ ಹಾಲ್ ಚಿಕ್ಕದಾಯಿತು. ಮೇಷ್ಟ್ರು ಆತುರಪಡಲಿಲ್ಲ. ಹಾಡನ್ನು ಅರ್ಧ ಸಾಲು ಮುಂದೆ ಹೋಗಲು ಬಿಟ್ಟು ಮೊದಲ ಹೆಜ್ಜೆ ಇಟ್ಟರು. ಕಾಲು ಝಾಡಿಸುವುದು, ಬಾಗುವುದು, ತಿರುಗಿಸಿ ಎಸೆಯುವುದು, ಅಂಥದ್ದೇನೂ ಇಲ್ಲ. ನಡಿಗೆ. ನಡುವೆ ಒಂದು ತಿರುವು. ಒಮ್ಮೆ ಇಬ್ಬರೂ ಏನೂ ಮಾಡದೆ ನಿಂತೇಬಿಟ್ಟರು, ಆ ನಿಂತದ್ದನ್ನು ನೋಡುತ್ತ ಹಲ್ಲಿನ ಡಾಕ್ಟರ್ ಬಾಯಿ ತೆರೆದುಕೊಂಡು ಕೂತರು. ಜಿಪ್ಪಿನ ಜಗಳ, ಮಂಡಿ ನೋವು, ನಲವತ್ತು ವರ್ಷ ಎಲ್ಲ ಆ ನಡಿಗೆಯೊಳಗೆ ಇತ್ತು. ಯಾವುದೂ ಹೊರಗೆ ಚಾಚಿಕೊಂಡಿರಲಿಲ್ಲ. ಟೈಲರಮ್ಮ ತನ್ನ ಗೋಳನ್ನೂ ಮರೆತು ನೋಡುತ್ತಿದ್ದಳು. ಇದನ್ನು ಕಣ್ಣಾರೆ ಕಂಡೆನಲ್ಲ, ನಿಲ್ಲಿಸಿದರೂ ನಿಲ್ಲಿಸಿದೆ, ಇಷ್ಟು ಸಾಕು ಎನ್ನಿಸಿತು.

ಅವರು ಸುತ್ತುತ್ತ ಎರಡನೆಯ ಮೂಲೆ ತಿರುಗಿದರು. ಕಿಟಕಿ ಬಂತು.

ಮೇಷ್ಟ್ರು ನಿಂತರು. ಅವರ ಎದೆ ಉಸಿರಿಗೆ ಏರಿದ್ದು ಹಿಂದಿನ ಸಾಲಿನವರಿಗೂ ಕಂಡಿತು. ಕಣ್ಣು ಮುಚ್ಚಿದ ಮೇಡಂ ಒಂದು ಬೆರಳಿನಷ್ಟು ಮೇಲೆದ್ದರು, ಕೇವಲ ಒಂದು ಬೆರಳಿನಷ್ಟು, ಮತ್ತು ಮೇಷ್ಟ್ರ ಎಡಗಾಲು ಉದ್ದಕ್ಕೆ ಸರಿದು, ಆ ಸಪಾಟು ನೆಲದ ಮೇಲೆ ಇಲ್ಲದ ಹಲಗೆಯನ್ನು ದಾಟಿತು.

ನರ್ಸ್ "ಅಜ್ಜಿ!" ಎಂದುಬಿಟ್ಟಳು, ಗಟ್ಟಿಯಾಗಿ. ಪೋಸ್ಟ್‌ಮ್ಯಾನ್ ತನ್ನ ಕಾಲನ್ನೇ ಹೊಸದಾಗಿ ಕಂಡವನಂತೆ ನೋಡಿಕೊಂಡ. ಹಾಡು ಮುಗಿಯುವುದರೊಳಗೆ ಅವರು ಇನ್ನೂ ಎರಡು ಸಲ ಆ ಕಿಟಕಿಗೆ ಬಂದರು, ಎರಡು ಸಲವೂ ದಾಟಿದರು. ಕೊನೆಯ ಸಲ ಮೇಡಂ ಮುಗುಳ್ನಗುತ್ತಿದ್ದರು.

ಚಪ್ಪಾಳೆ ನಿಂತ ಮೇಲೆ ಮೊದಲು ಎದ್ದವರು ವಕೀಲರು. "ಮೇಷ್ಟ್ರೇ, ಆ ಕಿಟಕಿ ಹತ್ರ ಒಂದು ಮಾಡಿದ್ರಲ್ಲ, ಎತ್ತಿ ದಾಟಿಸೋದು, ಅದನ್ನ ನಮಗೂ ಹೇಳ್ಕೊಡಿ. ಎಷ್ಟು ಚೆನ್ನಾಗಿತ್ತು ಅದು!"

ನಿನ್ನೆ ಅದೇ ಹೆಜ್ಜೆಗೆ ಮೂಗು ಗುದ್ದಿಸಿಕೊಂಡವರು ಇವರೇ ಎಂಬುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

"ಅದು ನಮ್ದಲ್ಲ," ಎಂದರು ಮೇಷ್ಟ್ರು, ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತ. "ಉಸಿರಲ್ಲೇ ಹೇಳಿ ದಾಟಿಸೋದು. ನಾನು ಹತ್ತು ವರ್ಷ ಹೇಳಿದ್ರೂ ಜನಕ್ಕೆ ಬರಲ್ಲ, ಇವರಲ್ಲಿ ಹದಿನಾಲ್ಕು ಜನಕ್ಕೂ ಬರುತ್ತೆ. ನಾವು ಇವತ್ತು ಬೆಳಗ್ಗೆ ಕಲಿತದ್ದು. ಟೀಚರ್ ಅಲ್ಲಿದ್ದಾರೆ, ಅವರನ್ನ ಕೇಳಿ."

ನಲವತ್ತು ತಲೆಗಳು ತಿರುಗಿದವು. ಹಾಡಿನ ಯಂತ್ರದ ಹಿಂದೆ ಗಂಡ ಎದ್ದು ನಿಂತಿದ್ದ. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ ಎಂದು ಕೈಯಲ್ಲೇ ಸನ್ನೆ ಮಾಡಿದ. ವಕೀಲರು ನೇರವಾಗಿ ಟೈಲರಮ್ಮನ ಮುಂದೆ ಬಂದು ನಿಂತರು.

"ಟೀಚರ್, ಅದನ್ನ ಸ್ವಲ್ಪ ತೋರಿಸ್ತೀರಾ?"

ಟೀಚರ್ ಗೀಚರ್ ಅನ್ನಬೇಡಿ ಎಂದು ಹೇಳಲು ಅವಳ ಬಾಯಿ ತೆರೆಯಿತು. ಅವಳ ಹದಿನಾಲ್ಕು ಜನ ಅವಳನ್ನೇ ನೋಡುತ್ತಿದ್ದರು. ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಜೇಬಿಗೆ ಕೈ ಹಾಕಿದಳು. ಬೀಗದ ಕೈ ಅಳತೆ ಟೇಪಿಗೆ ಸುತ್ತಿಕೊಂಡು ಕೂತಿತ್ತು.

"ಇಲ್ಲಿ ತೋರ್ಸಕ್ಕಾಗಲ್ಲ," ಎಂದಳು. "ನಾಳೆ ಸಂಜೆ ಏಳಕ್ಕೆ ಅಂಗಡಿಗೆ ಬನ್ನಿ, ಮೇಲಿನ ರೂಮು. ಬಲಗೈ ಮಾತ್ರ ಸಡಿಲ ಬಿಟ್ಕೊಂಡು ಬನ್ನಿ."